ಒಂದು ಗೆರೆಯಷ್ಟು ಆಳ

ಕಸ್ರೀನ್ ಪೇಟೆಯಲ್ಲಿ ಹಮ್ಮಾದಿಯಂಥ ಫೋಟೋಗ್ರಾಫರ್ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ನಂಬದವರು ಬಸ್ ಸ್ಟ್ಯಾಂಡಿನ ಎದುರು ಅವನ ಅಂಗಡಿಗೆ ಹೋಗಿ ಗೋಡೆ ನೋಡಲಿ. ಮದುಮಗಳ ಕಾಡಿಗೆಯ ಗೆರೆ ಎಷ್ಟು ಚೂಪೆಂದರೆ ಬೆರಳಿಟ್ಟರೆ ಕೊಯ್ದುಹೋಗಬೇಕು. ಅವಳ ಹಿಂದಿರುವ ಪ್ರಪಂಚವೆಲ್ಲ ಕರಗಿದ ಬೆಣ್ಣೆ.

ಮಸುಕು ಮಾಡುವುದರಲ್ಲಿ ಅವನದು ಎತ್ತಿದ ಕೈ. ಒಂದು ಮದುವೆಯಲ್ಲಿ ಹಸಿರು ಉಡುಪು ತೊಟ್ಟ ಅತ್ತೆಯನ್ನು ಎಷ್ಟು ಚೆನ್ನಾಗಿ ಮಸುಕು ಮಾಡಿದನೆಂದರೆ, ಆಲ್ಬಮ್ ನೋಡಿದ ನೆಂಟರೆಲ್ಲ "ಆಲಿವ್ ಮರ ಚೆನ್ನಾಗಿ ಬಂದಿದೆ" ಅಂದರು. ಜಗಳಗಂಟ ಸೋದರಮಾವಂದಿರನ್ನು ಫೋಟೋದಿಂದ ಕರಗಿಸಿಕೊಳ್ಳಲು ಅಲ್ಜೀರಿಯಾದ ಗಡಿ ದಾಟಿ ಜನ ಅವನಲ್ಲಿಗೆ ಬರುತ್ತಿದ್ದರು. ಒಂದಿಬ್ಬರಲ್ಲ, ಬಸ್ಸುಗಟ್ಟಲೆ.

ಅಂಥವನ ಅಂಗಡಿಗೆ ಸೆಪ್ಟೆಂಬರಿನ ಒಂದು ಸೋಮವಾರ ದಲೆಂದಾ ಬಂದಳು. ಮೊಣಕೈವರೆಗೆ ಮಡಚಿದ ತೋಳು, ಬೆರಳ ತುದಿಯಲ್ಲೆಲ್ಲ ಕಳ್ಳಿಮುಳ್ಳಿನ ಗೀರು. ಎಡಹುಬ್ಬು ಬಲಹುಬ್ಬಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಪ್ರಪಂಚದಲ್ಲಿ ಯಾವುದನ್ನು ನೋಡಿದರೂ "ಹೌದಾ? ಯಾಕೆ?" ಎಂದು ಕೇಳುವಂಥ ಹುಬ್ಬು.

"ಅಣ್ಣಾ, ಫೋಟೋ ತೆಗೀಬೇಕಿತ್ತು. ಪುಟ್ಟದು. ಒಂದು ಕಡೆ ಕೂರಲ್ಲ, ಸುಮ್ನೆ ಓಡಾಡ್ತಾನೇ ಇರುತ್ತೆ."

"ಮಕ್ಕಳೇ ಹಂಗಲ್ವೇನಮ್ಮಾ. ಎಷ್ಟು ತಿಂಗಳು?"

"ಹೆಚ್ಚಂದ್ರೆ ಮೂರು ವಾರ."

"ಮೂರು ವಾರಕ್ಕೇ ಓಡಾಡುತ್ತಾ? ಮಾಷಾ ಅಲ್ಲಾಹ್!"

"ಮುಖ ಬರದಿದ್ರೂ ಪರವಾಗಿಲ್ಲ ಅಣ್ಣಾ. ಬೆನ್ನ ಮೇಲೆ ಒಂದು ಮಚ್ಚೆ ಇದೆ, ಅದು ಚೆನ್ನಾಗಿ ಬರಬೇಕು."

"ಹುಟ್ಟುಮಚ್ಚೆ. ಶುಭ. ಅವರಮ್ಮ ಮಡಿಲಲ್ಲಿ ಹಿಡ್ಕೊಂಡ್ರೆ ಆಯ್ತು."

"ಅಮ್ಮ ಎಲ್ಲಿದೆಯೋ ಯಾರಿಗೆ ಗೊತ್ತು?"

ಹಮ್ಮಾದಿ ಲೊಚಗುಟ್ಟಿದ. "ಅಯ್ಯೋ ಪಾಪ. ಮತ್ತೆ ಊಟಕ್ಕೆ ಏನು ಕೊಡ್ತಿದೀರಾ?"

"ಕಿರಮಂಜಿ ಹುಳ," ಅಂದಳು ದಲೆಂದಾ.

ಹಮ್ಮಾದಿ ಕುರ್ಚಿಯಿಂದ ಬೀಳಲಿಲ್ಲ. ಕುರ್ಚಿಯೇ ಅವನನ್ನು ಬಿಟ್ಟು ಜಾರಿಕೊಂಡಿತು.

ಅವಳು ನಗಲಿಲ್ಲ. ಫೋನು ತೆಗೆದು ತೋರಿಸಿದಳು. ಹಸಿರು ಪಾಪಾಸುಕಳ್ಳಿ, ಅದರ ಮೇಲೊಂದು ಕಂದು ಚುಕ್ಕೆ. ಎಳ್ಳುಕಾಳೂ ಆಗಿರಬಹುದು, ಫೋನಿನ ಗಾಜಿನ ಮೇಲಿನ ಕೊಳೆಯೂ ಆಗಿರಬಹುದು.

"ಇದು ಗುಲಗಂಜಿ ಹುಳ ಅಣ್ಣಾ. ಅಂದ್ರೆ, ಹೌದು ಅಂತ ನನ್ನ ಅನುಮಾನ."

ನಮ್ಮ ಸೀಮೆಯಲ್ಲಿ ಪಾಪಾಸುಕಳ್ಳಿಯ ಹಣ್ಣಿಗೆ 'ಹಿಂದಿ' ಎಂದೇ ಹೆಸರು. ಅದು ಹಿಂದೂಸ್ತಾನದಿಂದ ಬಂದದ್ದೇನಲ್ಲ. ಯಾವ ಕಾಲದಲ್ಲೋ ಯಾರೋ ಹಾಗಂದುಕೊಂಡರು, ಹೆಸರು ಅಂಟಿತು. ಒಂದನ್ನು ಇನ್ನೊಂದೆಂದು ತಿಳಿಯುವುದು ನಮ್ಮವರಿಗೆ ಹೊಸದಲ್ಲ. ಆ ಕಳ್ಳಿಯ ಬೀಜದಿಂದ ಎಣ್ಣೆ ತೆಗೆಯುವ ಹೆಂಗಸರ ಸಂಘದಲ್ಲಿ ದಲೆಂದಾಳ ಕೆಲಸ. ಗಿಡಗಳ ವಿಷಯವನ್ನೇ ಓದಿಕೊಂಡವಳು. ಎರಡು ವರ್ಷದ ಹಿಂದೆ ಕಿರಮಂಜಿ ಹುಳು ಬಂತು. ಬಿಳಿ ಹತ್ತಿಯ ಉಂಡೆಯಂತೆ ಕಳ್ಳಿಗೆ ಅಂಟಿಕೊಂಡು, ರಸ ಹೀರಿ, ಮನೆಯಷ್ಟೆತ್ತರದ ಬೇಲಿಗಳನ್ನು ಒಣಗಿದ ಚರ್ಮ ಮಾಡಿ ಕೆಡವಿತು. ಹುಳು ಹತ್ತಿದ ಬೇಲಿಯನ್ನು ಸರ್ಕಾರದವರು ಯಂತ್ರ ತಂದು ಕಿತ್ತು ಹೂಳುವುದೊಂದೇ ದಾರಿಯಾಯಿತು.

"ಈ ಶನಿವಾರ ನಮ್ಮ ಅಜ್ಜಿ ಬೇಲಿ ಸರದಿ," ಅಂದಳು. "ಅಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು. ಇನ್ನೂರು ಹೆಜ್ಜೆ ಉದ್ದ. ಕಿರಮಂಜಿಯನ್ನ ತಿನ್ನೋ ಒಂದು ಗುಲಗಂಜಿ ಹುಳ ಇದೆ, ಬೆಟ್ಟದ ಆಚೆ ತಂದು ಬಿಟ್ಟಿದ್ರು. ಅದು ತಾನಾಗೇ ನಮ್ಮ ಬೇಲಿಗೆ ಬಂದಿದ್ರೆ, ಬೇಲಿ ಮುಟ್ಟಲ್ಲ. ಹುಳ ಸಾಕೋಕೆ ಅಂತ ಹಂಗೇ ಬಿಡ್ತಾರೆ. ಬೆನ್ನ ಮೇಲೆ ಮೂರು ಕವಲಿನ ಗುರುತಿದ್ರೆ ಅದೇ. ಇಲ್ದಿದ್ರೆ ಬೇರೆ."

"ಹಿಡಿದು ಡಬ್ಬೀಲಿ ಹಾಕಿ ಕಳಿಸಬಾರದಾ?"

"ರೋಗದ ಗಿಡದಿಂದ ಏನನ್ನೂ ಊರಾಚೆ ಸಾಗಿಸಬಾರದು. ರಾಜಧಾನಿಲಿರೋ ಕೀಟ ಡಾಕ್ಟರಮ್ಮನಿಗೆ ಫೋಟೋ ಬೇಕು, ಕವಲು ಎಣಿಸೋ ಹಂಗಿರಬೇಕು. ನಿಮ್ಮ ಕೈಲಾಗುತ್ತಾ?"

ಎಡಹುಬ್ಬು ಇನ್ನೊಂದು ಕೂದಲೆಳೆ ಮೇಲೇರಿತು. ಅದೇ ಆಪತ್ತು.

"ಆಗುತ್ತಾ ಅಂದ್ರೆ?" ಹಮ್ಮಾದಿ ಎದೆ ಉಬ್ಬಿಸಿದ. "ಇರುವೆಯ ರೆಪ್ಪೆಗೂದಲು ಒಂದೊಂದಾಗಿ ಎಣಿಸೋ ಹಂಗೆ ತೆಗೀತೀನಿ."

"ಇರುವೆಗೆ ರೆಪ್ಪೆಗೂದಲು ಇರಲ್ಲ ಅಣ್ಣಾ."

"ನನ್ನ ಫೋಟೋದಲ್ಲಿ ಇರುತ್ತೆ."

ಅವನು ಜೀವಮಾನದಲ್ಲಿ ತೆಗೆದ ಅತಿ ಚಿಕ್ಕ ವಸ್ತುವೆಂದರೆ ಒಂದು ನಿಶ್ಚಿತಾರ್ಥದ ಉಂಗುರ. ಅದೂ ದಪ್ಪದ್ದು.

*

ಮಂಗಳವಾರ ಮೋಟಾರ್‌ಸೈಕಲ್ಲಿನಲ್ಲಿ ಗುಡ್ಡ ಹತ್ತಿದ. ಅಜ್ಜಿಯನ್ನು ಊರೆಲ್ಲ ಉಮ್ಮಿ ಹದ್ದಾ ಅನ್ನುತ್ತಿತ್ತು. ಬೇಲಿಯ ನೆರಳಲ್ಲಿ ಮಣೆ ಹಾಕಿಕೊಂಡು, ಪಕ್ಕದಲ್ಲಿ ಸಾಬೂನು ನೀರಿನ ಪಿಚಕಾರಿ ಬಾಟಲಿ ಇಟ್ಟುಕೊಂಡು, ಕಂಡ ಕಂಡ ಬಿಳಿ ಉಂಡೆಗೆಲ್ಲ ಚಿರ್ರೆಂದು ಹೊಡೆಯುತ್ತಿದ್ದಳು. ಹೊಡೆದಲ್ಲೆಲ್ಲ ರಕ್ತದಂಥ ಕೆಂಪು ಇಳಿಯುತ್ತಿತ್ತು.

"ಇವನೇನಾ ಅತ್ತೆಯರನ್ನ ಮರ ಮಾಡೋನು?"

"ಹ್ಞೂಂ ಅಜ್ಜಿ."

"ನನ್ನ ಅತ್ತೆ ಇದ್ದಾಗ ಎಲ್ಲಿ ಸತ್ತಿದ್ಯಪ್ಪಾ?" ಅಂದು ಇನ್ನೊಂದು ಉಂಡೆಗೆ ಚಿರ್ರೆನಿಸಿದಳು.

ಹುಳು ಸಿಕ್ಕಿತು. ಮೊಗಚಿಟ್ಟ ಬಟ್ಟಲಿನಂತೆ ಗುಂಡಗೆ, ಎಳ್ಳಿಗಿಂತ ಚಿಕ್ಕದು. ಹಮ್ಮಾದಿ ಮದುವೆಗಳ ಲೆನ್ಸನ್ನೇ ಹತ್ತಿರ ಒಯ್ದ. ಲೆನ್ಸು ಸುಯ್ಯೆಂದು ಮುಂದೆ ಹೋಯಿತು, ಸುಯ್ಯೆಂದು ಹಿಂದೆ ಬಂತು, ಜೇಬಿನಲ್ಲಿ ಬೀಗದ ಕೈ ಹುಡುಕುವ ಕುರುಡನಂತೆ ತಡಕಾಡಿತು. ಇಷ್ಟು ಹತ್ತಿರದ್ದನ್ನು ನೋಡುವ ಶಕ್ತಿಯೇ ಅದಕ್ಕಿಲ್ಲ ಎಂಬುದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಹತ್ತಿರ ಅವನು ಯಾವುದಕ್ಕೂ ಹೋಗಿರಲಿಲ್ಲ.

ಮುನ್ನೂರು ಫೋಟೋ ತೆಗೆದ. ಮೂವತ್ತು ಅನ್ನುವವರಿದ್ದಾರೆ, ಅವರಿಗೆ ಹೊಟ್ಟೆಕಿಚ್ಚು. ಮುನ್ನೂರರಲ್ಲೂ ಒಂದೇ ದೃಶ್ಯ. ಹಸಿರು ಮಂಜಿನ ನಡುವೆ ಕಂದುಬಣ್ಣದ ಚಂದ್ರ.

"ಏನಿದು?" ದಲೆಂದಾ ಕೇಳಿದಳು.

"ಕಲೆ."

ಉಮ್ಮಿ ಹದ್ದಾ ಕತ್ತು ಚಾಚಿ ನೋಡಿದಳು. "ಕಣ್ಣಿನ ಪೊರೆ ತೆಗೆಸೋಕೆ ಮುಂಚೆ ನನಗೂ ಹಿಂಗೇ ಕಾಣ್ತಿತ್ತು. ಪುಕ್ಕಟೆಯಾಗಿ."

ಹಮ್ಮಾದಿ ಕ್ಯಾಮೆರಾ ಕೆಳಗಿಳಿಸಿದ. ಇನ್ನೂರು ಹೆಜ್ಜೆ ಬೇಲಿ ಅವನನ್ನೇ ನೋಡುತ್ತಿದ್ದಂತಿತ್ತು. ಅಷ್ಟೂ ಕಳ್ಳಿ, ಅಷ್ಟೂ ಮುಳ್ಳು.

"ನನಗೆ ಬರಲ್ಲ," ಅಂದ. "ಸುಳ್ಳು ಹೇಳಿದೆ."

"ಸೋಮವಾರವೇ ಹೇಳಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ತಿದ್ದೆ."

"ಗೊತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಹುಬ್ಬು ಎತ್ತಿದ್ರಿ."

ದಲೆಂದಾ ಬೆರಳಿಂದ ಹುಬ್ಬು ಮುಟ್ಟಿ ನೋಡಿಕೊಂಡಳು, ಅದು ಅಲ್ಲಿದೆ ಎಂದು ಈಗಷ್ಟೇ ತಿಳಿದವಳಂತೆ. ಬಯ್ಯುತ್ತಾಳೆಂದು ಅವನು ಕಾದ. ಬೈಗುಳ ಬಾಯಿಯ ತನಕ ಬಂದೂ ಇತ್ತು. ಆದರೆ ಅವಳ ಕಣ್ಣು ಮತ್ತೆ ಆ ಕಂದು ಚಂದ್ರನ ಮೇಲೆ ಬಿತ್ತು.

"ಯಾಕೆ ಬರಲ್ಲ?" ಅಂದಳು. ಈ ಸಲ ಸಿಟ್ಟಿನಿಂದಲ್ಲ. "ಮದುಮಗಳ ರೆಪ್ಪೆ ಬರುತ್ತೆ, ಹುಳ ಬರಲ್ಲ. ಎಲ್ಲಿ ಕೆಡ್ತಿದೆ?"

"ನೋಡ್ಬೇಕು."

"ನೋಡೋಣ ನಡೀರಿ. ಇನ್ನೂ ಮೂರು ದಿನ ಇದೆ ಅಣ್ಣಾ."

'ನೋಡೋಣ' ಎಂಬ ಮಾತು ಅವನ ಎದೆಯಲ್ಲಿ ಕುಳಿತಿತು. 'ಅಣ್ಣಾ' ಎಂಬ ಮಾತು ಅದರ ಪಕ್ಕದಲ್ಲೇ ಒತ್ತಿಕೊಂಡು ಕುಳಿತಿತು.

*

ಬುಧವಾರ ಅಂಗಡಿಗೆ ಬಾಗಿಲು ಹಾಕದೆಯೇ 'ಮುಚ್ಚಿದೆ' ಎಂದು ಬೋರ್ಡು ಹಾಕಿದ. ದಲೆಂದಾ ಒಳಗಿರುವಾಗ ಬಾಗಿಲು ಹಾಕಿದ್ದರೆ ಎದುರಿನ ಚಹಾದಂಗಡಿಯವರಿಗೆ ವರ್ಷಕ್ಕಾಗುವಷ್ಟು ಮಾತು ಸಿಗುತ್ತಿತ್ತು.

ಅವನ ಅಪ್ಪನೂ ಫೋಟೋಗ್ರಾಫರ್. ಸಾಯುವಾಗ ಮಗನಿಗೆ ಬಿಟ್ಟುಹೋದದ್ದು ಒಂದು ಹಳೆಯ ಲೋಹದ ಲೆನ್ಸು, ಒಂದು ಮಾತು. "ದೊಡ್ಡದು ಚಿಕ್ಕದಾಗಿ ಕಾಣ್ಬೇಕಾದ್ರೆ ಹಿಂಗೆ ಹಾಕು, ಚಿಕ್ಕದು ದೊಡ್ಡದಾಗಿ ಕಾಣ್ಬೇಕಾದ್ರೆ ತಿರುವಿ ಹಾಕು." ಹಮ್ಮಾದಿ ಅದನ್ನು ಬದುಕಿಗೆ ಹೇಳಿದ ಮಾತೆಂದು ತಿಳಿದು, ಹತ್ತು ವರ್ಷ ಅರ್ಥ ಹುಡುಕಿದ್ದ.

"ಲೆನ್ಸಿಗೇ ಹೇಳಿದ್ದಿರಬಹುದಲ್ವಾ?" ಅಂದಳು ದಲೆಂದಾ.

ಲೆನ್ಸನ್ನು ತಿರುವಿ, ಹಿಂಭಾಗ ಮುಂದಾಗಿ ಕ್ಯಾಮೆರಾಕ್ಕೆ ಹಿಡಿದ. ಮೇಜಿನ ಮೇಲೆ ಕುಸ್ಕುಸಿನ ಒಂದು ರವೆ ಬಿದ್ದಿತ್ತು. ಅದು ಬೆಟ್ಟದಿಂದ ಉರುಳಿದ ಬಂಡೆಯಂತೆ ಎದುರಿಗೆ ಎದ್ದು ನಿಂತಿತು.

"ಯಾ ಲತೀಫ್!" ಅಂದು ಹಮ್ಮಾದಿ ಹಿಂದೆ ಸರಿದ.

"ಕೊಡಿ ಕೊಡಿ, ನನಗೂ!" ಅಂದು ದಲೆಂದಾ ಕ್ಯಾಮೆರಾ ಕಿತ್ತುಕೊಂಡಳು. ಆಮೇಲೆ ಇಬ್ಬರೂ ಲೋಕ ಮರೆತರು. ರವೆಯಾಯಿತು, ಉಪ್ಪಿನ ಹರಳಾಯಿತು, ಅವಳ ತೋಳಿನ ಅಂಗಿಯ ನೂಲಾಯಿತು. ಒಣ ಪುದೀನಾ ಎಲೆಯ ಮೇಲೆ ಬೆಳ್ಳಿಯ ರೋಮಗಳ ಕಾಡೇ ಇತ್ತು.

ಲೆನ್ಸು ನಿಲ್ಲಲೆಂದು ಹರೀಸಾ ಎಂಬ ಖಾರದ ಮೆಣಸಿನಕಾಯಿ ಚಟ್ನಿಯ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು, ನಡುವೆ ಇಟ್ಟು, ಕಪ್ಪು ಟೇಪು ಸುತ್ತಿದ. ಮುಚ್ಚಳವನ್ನು ತೊಳೆದಿದ್ದ. ಹರೀಸಾ ತೊಳೆದರೆ ಹೋಗುವ ಜಾತಿಯದ್ದೇ? ಆ ಕೈಯನ್ನೇ ಕಣ್ಣಿಗೆ ಒರೆಸಿಕೊಂಡ. ಬಲಗಣ್ಣಿನಿಂದ ಮಜರ್ದಾ ನದಿ ಹರಿಯಿತು.

"ಅಳ್ತಿದೀರಾ ಅಣ್ಣಾ?"

"ಅಪ್ಪ ನೆನಪಾದ್ರು." ಆಮೇಲೆ ಮುಚ್ಚಳ ತೋರಿಸಿ, "ಹರೀಸಾ," ಅಂದ. ಸುಳ್ಳು ಸಾಕಾಗಿತ್ತು.

ಅವಳು ತನ್ನ ಕೈವಸ್ತ್ರದ ತುದಿಯನ್ನು ನೀರಿನಲ್ಲದ್ದಿ ಕೊಟ್ಟಳು. ಕೊಡುವಾಗ ನಕ್ಕಳು. ಆ ನಗುವಿನ ಅಳತೆ ನನ್ನ ಕೈಲಾಗದು. ಎದುರಿನ ಚಹಾದಂಗಡಿಯ ಮೂರು ಗ್ಲಾಸು ತಾವಾಗಿ ಝಣಗುಟ್ಟಿದವು ಎಂದಷ್ಟೇ ಹೇಳಬಲ್ಲೆ.

ತೊಂದರೆ ಇನ್ನೂ ಇತ್ತು. ಬಂಡೆಯಂಥ ರವೆಯಲ್ಲಿ ಒಂದು ಎಳೆಯಷ್ಟು ಜಾಗ ಮಾತ್ರ ಚೂಪು. ಮುಂದೆಯೂ ಮಂಜು, ಹಿಂದೆಯೂ ಮಂಜು.

"ಎಷ್ಟು ಚೂಪು ಅಂತ ಅಳೀಬಹುದಾ?" ಅವಳ ಹುಬ್ಬು ಏರಿತು. ಸ್ಕೇಲೊಂದನ್ನು ಪುಸ್ತಕಕ್ಕೆ ಒರಗಿಸಿ ಓರೆಯಾಗಿ ಇಟ್ಟಳು. "ತೆಗೀರಿ. ಎಷ್ಟು ಗೆರೆ ಓದೋಕಾಗುತ್ತೆ ನೋಡೋಣ."

ಲೆನ್ಸಿನೊಳಗೆ ಬೆಳಕು ಬರುವ ಬಾಗಿಲನ್ನು, ಅಂದರೆ ಅಪರ್ಚರನ್ನು, ಅಗಲವಾಗಿ ಎರಡರಲ್ಲಿಟ್ಟು ತೆಗೆದ. ಮದುವೆಗಳಲ್ಲಿ ಅವನದು ಯಾವಾಗಲೂ ಎರಡೇ. ಸ್ಕೇಲಿನ ಒಂದು ಗೆರೆ ಮಾತ್ರ ಇತ್ತು, ಅದರ ಅಕ್ಕಪಕ್ಕದವು ಆವಿಯಾಗಿದ್ದವು.

"ಬೆಳಕಿನ ಬಾಗಿಲು ಚಿಕ್ಕದು ಮಾಡಿದ್ರೆ?"

ಲೆನ್ಸಿನ ಬಳೆಯನ್ನು ಎಂಟಕ್ಕೆ ತಿರುಗಿಸಿದ, ಹನ್ನೊಂದಕ್ಕೆ ತಿರುಗಿಸಿದ. ಅಂಕಿ ಏರಿದಷ್ಟೂ ಬಾಗಿಲು ಕಿರಿದು. ಕ್ಯಾಮೆರಾದೊಳಗೆ ಮುಸ್ಸಂಜೆಯಾಯಿತು. ಆದರೆ ಫೋಟೋದಲ್ಲಿ ಒಂದು ಗೆರೆಯಿಂದ ಮುಂದಿನ ಗೆರೆಯವರೆಗೆ ಅಂಚು ನಿಂತಿತ್ತು.

"ಒಂದು ಮಿಲಿಮೀಟರ್," ಅವಳು ಪಿಸುಗುಟ್ಟಿದಳು, ಚಿನ್ನದ ಗಣಿ ಸಿಕ್ಕವಳಂತೆ. "ಇನ್ನೂ ಚಿಕ್ಕದು ಮಾಡಿ!"

ಇಪ್ಪತ್ತೆರಡಕ್ಕೆ ತಿರುಗಿಸಿದ. ಆಳವೇನೋ ಹೆಚ್ಚಿತು, ಆದರೆ ಎಲ್ಲ ಗೆರೆಗಳೂ ಒಟ್ಟಿಗೆ ಮೆತ್ತಗಾದವು.

"ಯಾಕೆ ಹಂಗೆ?"

"ಬಾಗಿಲು ತೀರಾ ಸಣ್ಣದಾದ್ರೆ ಬೆಳಕಿಗೂ ನೂಕುನುಗ್ಗಲು. ಒಳಗೆ ಬರೋ ಹೊತ್ತಿಗೆ ಬಟ್ಟೆಯೆಲ್ಲ ಮುದ್ದೆಯಾಗಿರುತ್ತೆ."

"ಹಂಗಾದ್ರೆ ಹನ್ನೊಂದೇ."

"ಹನ್ನೊಂದೇ. ನಮಗಿರೋದು ಒಂದು ಗೆರೆಯಷ್ಟು ಆಳ."

ಫೋಕಸ್ ಬಳೆ ತಿರುಗಿಸಿ ಪ್ರಯೋಜನವಿಲ್ಲ ಎಂಬುದನ್ನೂ ಕಂಡುಕೊಂಡರು. ದೇಹವನ್ನೇ ತೂಗಬೇಕು, ಉಸಿರಿನಷ್ಟು ಮುಂದೆ, ಉಸಿರಿನಷ್ಟು ಹಿಂದೆ. ಬೇಕಾದದ್ದು ಚೂಪಿನ ಆ ಎಳೆಯನ್ನು ದಾಟುವ ಗಳಿಗೆಯಲ್ಲಿ ಒತ್ತಬೇಕು. ಹಮ್ಮಾದಿ ತೂಗುವುದನ್ನು ಕಲಿಯಲೆಂದು ಕ್ಯಾಮೆರಾ ಹಿಡಿದು ಮುಂದೆ ಬಾಗಿದ. ರವೆ ದಾಟಿ, ಸ್ಕೇಲು ದಾಟಿ, ಲೆನ್ಸು ಹೇಗೋ ಮೇಜಿನ ಮೇಲೆ ಕೆನ್ನೆಯಿಟ್ಟು ಸ್ಕೇಲು ನೋಡುತ್ತಿದ್ದ ಅವಳ ಮುಖದ ಹತ್ತಿರ ಬಂತು. ಕಣ್ಣಿನ ಒಂದು ರೆಪ್ಪೆಗೂದಲು ಚೂಪಾಯಿತು. ಅದೊಂದೇ. ಅದರ ಬುಡದಲ್ಲಿ ಹಿಟ್ಟಿನ ಕಣವೊಂದು ಕುಳಿತಿತ್ತು. ಉಸಿರು ಬಿಟ್ಟ, ಆ ಕೂದಲು ಹೋಗಿ ಪಕ್ಕದ್ದು ಬಂತು. ಹೀಗೆ ಒಂದೊಂದಾಗಿ ಹನ್ನೆರಡು ಎಣಿಸಿದ.

"ಹುಳ ಇಲ್ಲಿಲ್ಲ ಅಣ್ಣಾ," ಅಂದಳು, ಅಲುಗಾಡದೆ.

"ಪ್ರ್ಯಾಕ್ಟೀಸು."

"ಇರುವೆದು ಎಣಿಸ್ತೀನಿ ಅಂದಿದ್ರಲ್ಲ."

"ಇರುವೆಗೆ ಇರಲ್ಲ ಅಂದ್ರಲ್ಲ ನೀವೇ."

ಅವಳ ಕೆನ್ನೆ ಯಾವ ಬಣ್ಣಕ್ಕೆ ತಿರುಗಿತೆಂದರೆ, ಕಿರಮಂಜಿ ಹುಳುಗಳು ನೋಡಿದ್ದರೆ ನಾಚಿ ಊರು ಬಿಡುತ್ತಿದ್ದವು.

*

ಗುರುವಾರವೆಲ್ಲ ಗಾಳಿ. ಗೆರೆಯಷ್ಟು ಆಳದಲ್ಲಿ ಗಾಳಿಯೆಂದರೆ ಭೂಕಂಪ. ಒಂದೂ ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಾಳಿ ನಿಂತಿತ್ತು. ಮದುವೆಗಳಿಗೆ ಒಯ್ಯುವ ಬಿಳಿ ಛತ್ರಿಯನ್ನು ದಲೆಂದಾ ಬೇಲಿಯ ಮೇಲೆ ಹಿಡಿದಳು, ಬಿಸಿಲು ಹಾಲಾಗಿ ಇಳಿಯಿತು. ಗುಲಗಂಜಿ ಹುಳು ಮಾತ್ರ ಎಲ್ಲೂ ಇಲ್ಲ. ಕಾಯುತ್ತ ಕೈ ಸುಮ್ಮನಿರದೆ ಹಮ್ಮಾದಿ ಒಂದು ಬಿಳಿ ಉಂಡೆಯ ಮೇಲೆ ಫೋಕಸ್ ತೂಗಿದ.

ಉಂಡೆ ಚೂಪಾಯಿತು. ಮಂಜಾಯಿತು. ಅವನು ಹಿಂದೆ ಬಂದ, ಮತ್ತೆ ಚೂಪಾಯಿತು, ಮತ್ತೆ ಮಂಜಾಯಿತು. ಎರಡು ಸಲವೂ ಮಂಜಾದಾಗ ತನ್ನ ದೇಹ ಅಲುಗಿರಲಿಲ್ಲ. ಹಾಗಾದರೆ?

"ದಲೆಂದಾ, ಕಿರಮಂಜಿ ನಡೆಯುತ್ತಾ?"

"ಇಲ್ಲ. ಒಮ್ಮೆ ಬಾಯಿ ಚುಚ್ಚಿ ಕೂತ್ರೆ ಸಾಯೋತನಕ ಅಲ್ಲೇ."

"ಈ ಉಂಡೆ ನಡೀತಿದೆ. ಕಾಲಿದೆ."

ಅವಳು ಛತ್ರಿ ಹಿಡಿದೇ ಬಾಗಿ ಕ್ಯಾಮೆರಾದೊಳಗೆ ಇಣುಕಿದಳು. ಬಿಳಿ ಮೇಣದ ಕುಚ್ಚುಗಳ ಕೆಳಗೆ ಆರು ಪುಟ್ಟ ಕಾಲು. ಒಂದು ಕಿರಮಂಜಿಯ ಹೊಟ್ಟೆಗೆ ತಲೆ ತೂರಿಸಿ ಜುರ್ರನೆ ಹೀರುತ್ತಿತ್ತು.

"ಮರಿ!" ಅವಳ ಸ್ವರ ಕೀರಲಾಯಿತು. "ಗುಲಗಂಜಿ ಹುಳದ ಮರಿ! ಶತ್ರುಗಳ ಮಧ್ಯೆ ಅವುಗಳದ್ದೇ ವೇಷ ಹಾಕ್ಕೊಂಡು ಕೂತಿದಾವೆ!"

ಅಷ್ಟರಲ್ಲಿ ಪಕ್ಕದಲ್ಲೇ ಚಿರ್ರ್ ಎಂದಿತು. ಉಮ್ಮಿ ಹದ್ದಾಳ ಬೆಳಗಿನ ಯುದ್ಧ ಶುರುವಾಗಿತ್ತು.

"ಅಜ್ಜೀ, ನಿಲ್ಸೀ!" ಇಬ್ಬರೂ ಒಟ್ಟಿಗೆ ಕೂಗಿದ ಕೂಗಿಗೆ ಶಾಂಬಿ ಬೆಟ್ಟದ ಮೇಲಿನ ಹದ್ದುಗಳು ಹಾರಿದವು.

ವಿಷಯ ತಿಳಿದಾಗ ಉಮ್ಮಿ ಹದ್ದಾ ಬಾಟಲಿಯನ್ನೂ ಬೇಲಿಯನ್ನೂ ನೋಡಿದಳು. "ಅಂದ್ರೆ ನಾನು ಇಷ್ಟು ದಿನ... ಕಾಪಾಡೋಕೆ ಬಂದೋರಿಗೇ..." ಬಾಟಲಿಯ ಮುಚ್ಚಳ ತಿರುಚಿ, ಸಾಬೂನು ನೀರನ್ನೆಲ್ಲ ನೆಲಕ್ಕೆ ಸುರಿದಳು.

"ಮರಿ ಫೋಟೋ ಸಾಕಾ?" ಹಮ್ಮಾದಿ ಕೇಳಿದ.

"ಮರಿಗೆ ಬೆನ್ನ ಗುರುತು ಇರಲ್ಲ. ಯಾವ ಜಾತಿ ಅಂತ ಒಪ್ಪಲ್ಲ. ದೊಡ್ಡದೇ ಬೇಕು."

ಮಧ್ಯಾಹ್ನ ಕುಸ್ಕುಸಿನ ಹೊತ್ತಿಗೆ ದೊಡ್ಡದು ಬಂತು. ಓಡಿತು, ನಿಂತಿತು, ಮತ್ತೆ ಓಡಿತು. ಕೊನೆಗೆ ಒಂದು ಕಿರಮಂಜಿಯ ಎದುರು ಊಟಕ್ಕೆ ಕೂತಿತು.

ಹಮ್ಮಾದಿ ಮಂಡಿಯೂರಿದ. ಗುಂಡಗಿನ ಬೆನ್ನು ಒಂದು ಗೆರೆಯ ಆಳದೊಳಗೆ ಹಿಡಿಸಬೇಕು. ಪಕ್ಕದಿಂದ ತೆಗೆದರೆ ಅರ್ಧ ಹೋಗುತ್ತದೆ, ಬೆನ್ನಿಗೆ ನೇರ ಎದುರಾಗಬೇಕು. ಮೈ ಬಾಗಿಸಿದ, ಮುಳ್ಳು ಕಿವಿಗೆ ಚುಚ್ಚಿತು, ಚುಚ್ಚಿಕೊಳ್ಳಲಿ. ಅಗಲ ಬಾಗಿಲಲ್ಲಿ ಹುಳುವನ್ನು ಕಂಡ, ಬೆರಳಿಂದ ಬಳೆಯನ್ನು ಹನ್ನೊಂದಕ್ಕೆ ತಿರುಗಿಸಿದ. ಒಳಗೆ ಕತ್ತಲಾಯಿತು. ಇನ್ನು ಅವನಿಗೆ ಸರಿಯಾಗಿ ಕಾಣುವುದಿಲ್ಲ, ದೇಹವೇ ನೆನಪಿಟ್ಟುಕೊಳ್ಳಬೇಕು. ದಲೆಂದಾ ಛತ್ರಿಯನ್ನು ತಗ್ಗಿಸುತ್ತ ತಗ್ಗಿಸುತ್ತ ಅವನ ಪಕ್ಕಕ್ಕೇ ಬಂದಳು. ಅವಳ ಕಣ್ಣಿಗೆ ಹುಳು ಕಾಣುತ್ತಿತ್ತು, ಅವನ ಕೈಯಲ್ಲಿ ಕ್ಯಾಮೆರಾ ಇತ್ತು. ಇಬ್ಬರೂ ಉಸಿರು ಹಿಡಿದರು. ಕಸ್ರೀನ್ ಸೀಮೆಯೂ ಉಸಿರು ಹಿಡಿಯಿತು. ಹೆದ್ದಾರಿಯಲ್ಲಿ ಲಾರಿಗಳು ಚಕ್ರವನ್ನು ಅರ್ಧಕ್ಕೇ ನಿಲ್ಲಿಸಿದವು.

ಹುಳು ಬೆನ್ನನ್ನು ಒಂದಿಷ್ಟು ತಿರುಗಿಸಿತು.

"ಹಮ್ಮಾದಿ, ಈಗ!"

ಕ್ಲಿಕ್.

ಪರದೆಯ ಮೇಲೆ ಹಿಗ್ಗಿಸಿದಾಗ ಮೂರು ಕವಲು, ಉಗುರಲ್ಲಿ ಕೆತ್ತಿದಂತೆ. ದಲೆಂದಾ ಕುಣಿದಳು, ಛತ್ರಿ ಕಳ್ಳಿಗೆ ಸಿಕ್ಕಿ ಹರಿಯಿತು. ಅವಳು ತನ್ನನ್ನು ಏನೆಂದು ಕರೆದಳೆಂಬುದು ಹಮ್ಮಾದಿಗೆ ಹೊಳೆದದ್ದು ಗುಡ್ಡ ಇಳಿದು ಅರ್ಧ ದಾರಿಗೆ ಬಂದಮೇಲೆ. ಮೋಟಾರ್‌ಸೈಕಲ್ಲು ಅಲ್ಲಿಂದ ಮುಂದಕ್ಕೆ ನೆಲ ಮುಟ್ಟಲಿಲ್ಲ.

*

ಶನಿವಾರ ಒಂಬತ್ತಕ್ಕೆ ಮಣ್ಣು ತೋಡುವ ಯಂತ್ರ ಬಂತು. ಅದನ್ನು ತಂದ ಸರ್ಕಾರಿ ತಂಡದ ಮುಖ್ಯಸ್ಥ ಸೀ ಬೆಲ್ಗಾಸೆಮ್, ಮೆತ್ತನೆಯ ಮನುಷ್ಯ. ಹಿಂದಿನ ದಿನವೇ ಫೋಟೋವನ್ನು ರಾಜಧಾನಿಯ ಕೀಟ ಡಾಕ್ಟರಮ್ಮನಿಗೆ ಕಳಿಸಿಯಾಗಿತ್ತು. ಫೋನು ಬಂತು. ದಲೆಂದಾ ಸ್ಪೀಕರ್ ಹಾಕಿದಳು.

"ಮೂರು ಕವಲು ಸರಿ ಇದೆ ತಾಯೀ," ಅಂದಿತು ಆ ದನಿ. "ಆದ್ರೆ ಎಡಗಡೆ ಇನ್ನೊಂದು ಗುರುತಿದೆ. ಬಿಳಿ ಮಚ್ಚೆ, ಅದರೊಳಗೆ ಎರಡು ಕಪ್ಪು ಚುಕ್ಕೆ. ನಾವು ಬಿಟ್ಟ ಹುಳಕ್ಕೆ ಅದಿಲ್ಲ. ಇದು ಬೇರೆ ಜಾತಿ ಇದ್ರೆ ನಾನು ಸಹಿ ಹಾಕೋಕಾಗಲ್ಲ."

ಯಂತ್ರ ಗುರುಗುಡುತ್ತಲೇ ಇತ್ತು. ದಲೆಂದಾಳ ಮುಖದ ಬಣ್ಣ ಇಳಿಯಿತು. "ಅಣ್ಣಾ, ತೋರಿಸಿ," ಅಂದಳು. ಹುಬ್ಬು ಏಳಲೇ ಇಲ್ಲ. ಹಮ್ಮಾದಿಗೆ ಎಲ್ಲಕ್ಕಿಂತ ಭಯವಾದದ್ದು ಅದಕ್ಕೇ.

ಉಮ್ಮಿ ಹದ್ದಾ ಪೊರೆ ತೆಗೆಸಿದ ಕಣ್ಣನ್ನು ಪರದೆಗೆ ಹಿಡಿದಳು.

"ಇದು ಮಚ್ಚೆಯಲ್ಲ. ಛತ್ರಿ."

"ಏನಜ್ಜೀ?"

"ತಾಮ್ರದ ಪಾತ್ರೇಲಿ ಮುಖ ನೋಡ್ಕೊಂಡು ಬೆಳೆದೋಳು ನಾನು, ನನಗೆ ಗೊತ್ತಾಗಲ್ವಾ? ಹುಳದ ಬೆನ್ನು ಫಳಫಳ ಅಂತಿದೆ. ಬಿಳೀದು ಛತ್ರಿ. ಅದರ ಕೆಳಗೆ ಎರಡು ತಲೆ. ಒಂದು ನಿಂದು, ಒಂದು ಇವನದು." ಕಣ್ಣು ಕಿರಿದು ಮಾಡಿ, "ಎಷ್ಟು ಹತ್ರ ಇಟ್ಕೊಂಡಿದ್ರೋ, ನಡುವೆ ಒಂದು ಕುಸ್ಕುಸ್ ರವೆಗೂ ಜಾಗ ಇಲ್ಲ!"

ಯಂತ್ರದವರು ಬೇರೆಲ್ಲೋ ನೋಡಿದರು. ಸೀ ಬೆಲ್ಗಾಸೆಮ್ ಕೆಮ್ಮಿದ.

"ನೀವು ಹೇಳೋದು ನಿಜಾನೇ ಇರಬಹುದು," ಫೋನಿನಲ್ಲೂ ನಗು ತಡೆಯುತ್ತಿದ್ದಂತಿತ್ತು. "ಆದ್ರೆ ಊಹೆ ಮೇಲೆ ಸಹಿ ಹಾಕಲ್ಲ. ಹುಡುಗಿ ದೂರ ನಿಲ್ಲಲಿ. ಛತ್ರಿ ಬೇರೆ ಯಾರಾದ್ರೂ ಬಲಗಡೆ ಹಿಡೀಲಿ. ಇನ್ನೊಮ್ಮೆ ತೆಗೆದು ಕಳಿಸಿ. ಮಚ್ಚೆ ಜಾಗ ಬದಲಾಯಿಸಿದ್ರೆ ಅದು ಮಚ್ಚೆಯಲ್ಲ."

ಸೀ ಬೆಲ್ಗಾಸೆಮ್ ಯಂತ್ರ ಆರಿಸಿದ. ಹರಿದ ಛತ್ರಿಯನ್ನು ತಾನೇ ತೋಳು ಚಾಚಿ ದೂರದಿಂದ ಬಲಗಡೆ ಹಿಡಿದು, ಬೇಲಿಯಿಂದ ಒಂದು 'ಹಿಂದಿ' ಕಿತ್ತು ತಿನ್ನಲೋ ಬೇಡವೋ ಎಂಬಂತೆ ನಿಂತ. ದಲೆಂದಾ ಇಪ್ಪತ್ತು ಹೆಜ್ಜೆ ಹಿಂದೆ ಸರಿದಳು. ಒಂದು ಗಂಟೆ ಹುಡುಕಿದ ಮೇಲೆ ಹುಳು ಸಿಕ್ಕಿತು. ಹಮ್ಮಾದಿ ಮಂಡಿಯೂರಿದ, ಬಾಗಿದ, ಬಳೆ ತಿರುಗಿಸಿದ, ಕತ್ತಲೆಯೊಳಗೆ ದೇಹವನ್ನು ತೂಗಿದ. ಈ ಸಲ 'ಈಗ' ಅನ್ನುವವರಿರಲಿಲ್ಲ. ನಿನ್ನೆಯ ಆ ದನಿಯನ್ನೇ ಮನಸ್ಸಿನಲ್ಲಿ ಕೇಳಿಕೊಂಡು ಒತ್ತಿದ.

ಬಿಳಿ ಮಚ್ಚೆ ಬಲಕ್ಕೆ ಸರಿದಿತ್ತು. ಛತ್ರಿಯ ಹರಿದ ಜಾಗವೂ ಅದರಲ್ಲಿ ಇತ್ತು. ಒಳಗೆ ಎರಡಿದ್ದ ಚುಕ್ಕೆ ಒಂದಾಗಿತ್ತು. ಮೂರು ಕವಲು ಇದ್ದಲ್ಲೇ ಇದ್ದವು.

ಹತ್ತು ನಿಮಿಷಕ್ಕೆ ಉತ್ತರ ಬಂತು. ಬೇಲಿ ಉಳಿಯಲಿ. ಯಾರೂ ಸಾಬೂನು ಹಾಕಬಾರದು. ಗುಲಗಂಜಿ ಹುಳುವಿಲ್ಲದ ಕೊನೆಯ ಐವತ್ತು ಹೆಜ್ಜೆ ಮಾತ್ರ ಹೋಗಬೇಕು. ಉಮ್ಮಿ ಹದ್ದಾ ಆ ಐವತ್ತು ಹೆಜ್ಜೆಯನ್ನು ಒಮ್ಮೆ ನಡೆದು ಬಂದು, "ಮೂರುಪಾಲು ಉಳೀತು. ನನ್ನ ಹಲ್ಲಿಗಿಂತ ಪರವಾಗಿಲ್ಲ," ಅಂದು ಎಲ್ಲರಿಗೂ ಚಹಾ ಇಡಲು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ, "ಏ ಹುಡುಗಿ, ನಿನ್ನೆ ಹೆಸರು ಹಿಡಿದು ಕೂಗ್ತಿದ್ದೆ, ಇವತ್ತು ಮತ್ತೆ ಅಣ್ಣ ಆಗ್ಬಿಟ್ನಾ?" ಅಂದಳು. ಉತ್ತರಕ್ಕೆ ಕಾಯಲಿಲ್ಲ.

ಮಿಕ್ಕವರೂ ಅವಳ ಹಿಂದೆ ಹೋದರು, ಬೇಲಿಯ ಬಳಿ ಇಬ್ಬರೇ ಉಳಿದರು. ಹಮ್ಮಾದಿ ಇನ್ನೂ ಪರದೆ ನೋಡುತ್ತಿದ್ದ.

"ಏನು ಅಷ್ಟೊಂದು ನೋಡ್ತಿದೀರಾ? ಗೆದ್ವಲ್ಲ."

"ಈ ಫೋಟೋ ಚೆನ್ನಾಗಿಲ್ಲ."

"ಮೂರು ಕವಲೂ ಇದೆ. ಡಾಕ್ಟರಮ್ಮ ಒಪ್ಪಿದ್ರು. ಏನು ಚೆನ್ನಾಗಿಲ್ಲ?"

ಜಂಬ ಕೊಚ್ಚಲು ಅವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಅವನು ಬೆರಳಿಂದ ಆ ಬಿಳಿ ಮಚ್ಚೆಯೊಳಗಿನ ಚುಕ್ಕೆ ತೋರಿಸಿದ.

"ಒಂದೇ ಇದೆ," ಅಂದ.

ದಲೆಂದಾ ಪರದೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎಡಹುಬ್ಬು ನಿಧಾನವಾಗಿ, ಒಂದು ಗೆರೆಯಷ್ಟು ಮೇಲೇರಿತು.

ಬಾಗಿಲ ಬಳಿ ಸೀ ಬೆಲ್ಗಾಸೆಮ್ ಒರಗಿಸಿ ಹೋಗಿದ್ದ ಹರಿದ ಛತ್ರಿಯನ್ನು ತಂದು ಬಿಚ್ಚಿದಳು. ಬೇಲಿಯ ಬುಡದಲ್ಲಿ, ಹುಳು ಇನ್ನೂ ಉಣ್ಣುತ್ತಿದ್ದ ಎಲೆಯೆದುರು ಮಂಡಿಯೂರಿದಳು. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು, ಅದೂ ಬಿಗಿಯಾಗಿ.

"ಹಾಗಾದ್ರೆ ಇನ್ನೊಂದು ತೆಗಿ," ಅಂದಳು. "ಬಾ ಹಮ್ಮಾದಿ."